ಟರ್ಕಿಯ ದಪ್ಪ ರೊಟ್ಟಿ, ತೆಳು ರೊಟ್ಟಿ: ಇಲ್ಲಿ ಎಲ್ಲಿ ಸಿಗುತ್ತೆ? ಸಿಗದಿದ್ದರೆ ಮನೇಲಿ ಹೇಗೆ?

ಅರ್ಧಚಹಾ (ಮೈಸೂರು)

ಕೆಲಸದ ಮೇಲೆ ಕೆಲವು ತಿಂಗಳು ಇಸ್ತಾಂಬುಲ್‌ನಲ್ಲಿದ್ದೆ. ವಾಪಸ್ ಬಂದಮೇಲೆ ಅಲ್ಲಿನ ರೊಟ್ಟಿಗಳದ್ದೇ ಧ್ಯಾನ. ಮೂರು ಥರದ್ದು ಚೆನ್ನಾಗಿ ನೆನಪಿದೆ, ಹೆಸರು ಮಾತ್ರ ಗೊತ್ತಿಲ್ಲ.

ಒಂದು, ಬೆಳಗಿನ ತಿಂಡಿಗೆ ಬೆಣ್ಣೆ, ಜೇನುತುಪ್ಪದ ಜೊತೆ ಕೊಡುತ್ತಿದ್ದದ್ದು. ದುಂಡಗೆ, ಬೆರಳು ದಪ್ಪ, ಮೇಲೆಲ್ಲ ಕಂದು ಮಚ್ಚೆ, ಹರಿದರೆ ಒಳಗೆ ಮೆತ್ತಗೆ. ಇನ್ನೊಂದು ಕಬಾಬ್ ಅಂಗಡಿಯಲ್ಲಿ ಉಬ್ಬಿಕೊಂಡೇ ಟೇಬಲ್ಲಿಗೆ ಬರುತ್ತಿತ್ತು, ಮೇಲೆ ಎಳ್ಳು. ಮೂರನೆಯದು ಹೆಂಗಸರು ಕೂತು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಒಳಗೆ ಸೊಪ್ಪು, ಚೀಸ್ ಇಟ್ಟು ಮಡಚಿ ಕಾಯಿಸಿಕೊಡುತ್ತಿದ್ದದ್ದು.

ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ 'ಟರ್ಕಿಶ್ ಪಿದೆ' ಅಂತ ಪ್ಯಾಕೆಟ್ ಸಿಕ್ಕಿತು. ಬಿಚ್ಚಿದರೆ ಪಿಜ್ಜಾ ಬೇಸ್! ಬೆಲೆ ಮಾತ್ರ ವಿಮಾನದಲ್ಲಿ ಬಂದಹಾಗಿತ್ತು. ನಿಜವಾದದ್ದು ಎಲ್ಲಾದರೂ ಸಿಗುತ್ತಾ? ಇಲ್ಲ ಅಂದರೆ ಮನೆಯಲ್ಲಿ ಮಾಡಬಹುದಾ? ನಮ್ಮಲ್ಲಿರೋದು ಒಂದು ಕಬ್ಬಿಣದ ಹಂಚು, ಒಂದು ಚಿಕ್ಕ ಓಟಿಜಿ ಓವನ್. ಅಡುಗೆಮನೆಗೆ ಮೊಟ್ಟೆ ತರುವ ಹಾಗಿಲ್ಲ.

ಸಟ್ಟುಗ

ಚಪಾತಿ ಮಾಡಿ, ಟರ್ಕಿ ಅಂತ ಹೆಸರಿಡಿ. ಕೆಲಸ ಮುಗೀತು.

ಬರ್ಲಿನ್ ಬಸಳೆ

@ಸಟ್ಟುಗ ಚಪಾತಿಗೆ ಹುದುಗು ಹಾಕ್ತೀರಾ ನೀವು?

@ಅರ್ಧಚಹಾ ನೀವು ಹೇಳಿದ ಮೂರಕ್ಕೂ ಬೇರೆ ಬೇರೆ ದಾರಿ. ತಿಂಡಿಗೆ ಕೊಡುತ್ತಿದ್ದದ್ದು ಬಜ್ಲಮ. ಹಳ್ಳಿ ರೊಟ್ಟಿ, ಹುದುಗು ಬಂದ ಹಿಟ್ಟು, ಒಲೆ ಮೇಲೆ ಬೇಯುತ್ತದೆ, ಓವನ್ ಬೇಡ. ಉಬ್ಬಿಕೊಂಡು ಬರುತ್ತಿದ್ದದ್ದು ಬಲೂನ್ ಲವಾಶ್, ಅದಕ್ಕೆ ಕೆಂಡದಂಥ ಓವನ್ ಬೇಕು. ಹೆಂಗಸರು ಲಟ್ಟಿಸುತ್ತಿದ್ದದ್ದು ಗೊಜ್ಲೆಮೆ. ಅದರ ಹೊರಗಿನ ಹಾಳೆಗೆ ಯುಫ್ಕಾ ಅಂತಾರೆ. ಹಿಟ್ಟು, ನೀರು, ಉಪ್ಪು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ.

ಪಿದೆ ಇವ್ಯಾವುದೂ ಅಲ್ಲ. ರಂಜಾನ್ ಪಿದೆ ದುಂಡಗಿರುತ್ತದೆ, ಮೇಲೆ ಬೆರಳಲ್ಲಿ ಒತ್ತಿದ ಚೌಕುಳಿ ಗುರುತು, ಎಳ್ಳು, ಕಲೋಂಜಿ ಅನ್ನೋ ಕಪ್ಪು ಬೀಜ. ದೋಣಿ ಆಕಾರದಲ್ಲಿ ಒಳಗೆ ಮಾಂಸವೋ ಚೀಸೋ ತುಂಬಿದ್ದೂ ಪಿದೆನೇ. ಅದಕ್ಕೆ ಕಪ್ಪು ಸಮುದ್ರದ ಕಡೆ ಊರುಗಳು ಹೆಸರುವಾಸಿ.

ಸಿಗೋದರ ಬಗ್ಗೆ: ನಮಗಿಲ್ಲಿ ಚಿಂತೆಯಿಲ್ಲ. 1961ರಲ್ಲಿ ಪಶ್ಚಿಮ ಜರ್ಮನಿ ಮತ್ತು ಟರ್ಕಿ ನಡುವೆ ಕೆಲಸಗಾರರ ಒಪ್ಪಂದ ಆಯಿತಲ್ಲ, ಆಗಿನಿಂದ ಬಂದವರ ಅಂಗಡಿಗಳು ಬೀದಿಗೊಂದಿವೆ. ಮೇಬಾಖ್‌ಊಫರ್ ಕಾಲುವೆ ಪಕ್ಕ ಮಂಗಳವಾರ, ಶುಕ್ರವಾರ ಸಂತೆ ಇರುತ್ತದೆ. ಗೊಜ್ಲೆಮೆ ಅಲ್ಲೇ ಬಿಸಿಬಿಸಿ ತಿನ್ನಬಹುದು. ಯುಫ್ಕಾ ಹಾಳೆ ಫ್ರಿಜ್‌ನಲ್ಲಿಟ್ಟು ಮಾರುತ್ತಾರೆ. ಮೈಸೂರಲ್ಲಿ ಇಷ್ಟು ಸುಲಭ ಇಲ್ಲ ಅನ್ಸುತ್ತೆ.

ಕರಾವಳಿ ಕಡ್ಲೆ (ಮಂಗಳೂರು)

ಮಂಗಳೂರಿಗೆ ಬನ್ನಿ, ಕುಬೂಸ್ ಸಿಗುತ್ತದೆ. ಬೇಕರಿಯಲ್ಲಿ ಪ್ಯಾಕೆಟ್ ಪ್ಯಾಕೆಟ್ ಇಟ್ಟಿರುತ್ತಾರೆ. ಗಲ್ಫ್‌ಗೆ ಹೋಗಿ ಬಂದವರ ಮನೆಯಲ್ಲಿ ಅದಿಲ್ಲದೆ ಊಟವಿಲ್ಲ. ಬಿಸಿ ಮಾಡಿದರೆ ನಿಮ್ಮ ಲವಾಶ್‌ಗೂ ಅದಕ್ಕೂ ಏನು ವ್ಯತ್ಯಾಸ?

ಟರ್ಕಿಯಳಿಯ (ಅಂಕಾರಾ)

ವ್ಯತ್ಯಾಸ ಇದೆ ಮಾರಾಯ್ರೆ. ಕುಬೂಸ್ ಅರಬ್ಬರದ್ದು, ಒಳಗೆ ಜೇಬಿನ ಹಾಗೆ ಎರಡು ಪದರ ಪೂರ್ತಿ ಬಿಡಿಸಿಕೊಳ್ಳುತ್ತದೆ. ಆಮೇಲೆ ಅದು ಫ್ಯಾಕ್ಟರಿಯಲ್ಲಿ ಬೆಂದು ತಣ್ಣಗಾಗಿ ಪ್ಯಾಕೆಟ್ ಸೇರಿದ್ದು. ಬಲೂನ್ ಲವಾಶ್ ಓವನ್‌ನಿಂದ ತೆಗೆದ ಐದು ನಿಮಿಷದೊಳಗೆ ತಿನ್ನಬೇಕು. ಆರಿದ ಮೇಲೆ ಅದೂ ಚರ್ಮವೇ.

ಇನ್ನೊಂದು ವಿಷಯ. ಇಲ್ಲಿ ಪೇಟೆಯಲ್ಲಿರೋರು ಇದನ್ನೆಲ್ಲ ದಿನಾ ಮನೆಯಲ್ಲಿ ಮಾಡ್ತಾರೆ ಅಂದುಕೊಳ್ಳಬೇಡಿ. ಬ್ರೆಡ್ ಬೀದಿ ತುದಿಯ ಬೇಕರಿಯಿಂದ ಬರುತ್ತದೆ. ಯುಫ್ಕಾ ಮಾರುವುದಕ್ಕೇ ಬೇರೆ ಅಂಗಡಿಗಳಿವೆ. ನನ್ನ ಅತ್ತೆಯೂ ಬೊರೆಕ್ (ಹಾಳೆಯೊಳಗೆ ಚೀಸೋ ಮಾಂಸವೋ ಇಟ್ಟು ಮಾಡೋ ತಿಂಡಿ) ಮಾಡೋಕೆ ಹಾಳೆ ಅಲ್ಲಿಂದಲೇ ತರುತ್ತಾರೆ. ರಂಜಾನ್‌ನಲ್ಲಿ ಉಪವಾಸ ಬಿಡೋ ಹೊತ್ತಿಗೆ ಸರಿಯಾಗಿ ಬೇಕರಿ ಮುಂದೆ ಉದ್ದ ಸಾಲು, ಎಲ್ಲರಿಗೂ ಬಿಸಿ ಪಿದೆಯೇ ಬೇಕು. ಗಾಜಿಯಾಂಟೆಪ್, ಉರ್ಫಾ ಕಡೆಗೆ ಹೋದರೆ ಇನ್ನೂ ಮಜಾ. ಲಹ್ಮಾಜುನ್ ಅಂತ, ತೆಳು ರೊಟ್ಟಿ ಮೇಲೆ ಕೊಚ್ಚಿದ ಮಾಂಸ ಸವರಿದ್ದು. ಮೇಲೆ ಸವರೋದನ್ನು ಮನೆಯಲ್ಲಿ ಕಲಸಿ ಪಾತ್ರೆ ಸಮೇತ ಬೇಕರಿಗೆ ಕೊಡುತ್ತಾರೆ. ಹಿಟ್ಟು ಬೇಕರಿಯವನದ್ದು, ಬೆಂಕಿಯೂ ಅವನದ್ದೇ. ಅರ್ಧ ಗಂಟೆ ಬಿಟ್ಟು ಹೋಗಿ ಕಟ್ಟಿಸಿಕೊಂಡು ಬಂದರಾಯಿತು.

ಸಟ್ಟುಗ

ಅಂದರೆ ಅವರೇ ಮಾಡಲ್ಲ, ನಾವು ಮೈಸೂರಲ್ಲಿ ಕೂತು ಬೆವರು ಸುರಿಸಬೇಕು. ಚೆನ್ನಾಗಿದೆ.

ಟರ್ಕಿಯಳಿಯ (ಅಂಕಾರಾ)

ಹಳ್ಳಿಗಳಲ್ಲಿ ಮಾಡ್ತಾರೆ ಸ್ವಾಮಿ. ಬಜ್ಲಮ ಅಂತೂ ಮನೆಯದೇ ಚೆಂದ. ಅದಕ್ಕೇ ಅದರಿಂದ ಶುರುಮಾಡಿ ಅನ್ನೋದು.

ಹಿಟ್ಟಿನ ಡಬ್ಬ (ಹಾಸನ)

ಬಜ್ಲಮ ನಮ್ಮನೇಲಿ ಈಗ ಭಾನುವಾರದ ತಿಂಡಿ. ಅಳತೆ ಕೊಡ್ತೀನಿ, ಬರ್ಕೊಳ್ಳಿ.

ಮೈದಾ 500 ಗ್ರಾಂ. ಇನ್‌ಸ್ಟಂಟ್ ಈಸ್ಟ್ 5 ಗ್ರಾಂ. ಪುಸ್ತಕಗಳಲ್ಲಿ 7 ಗ್ರಾಂ ಅಂತಿರುತ್ತೆ, ಅದು ಚಳಿ ದೇಶದ ಲೆಕ್ಕ, ನಮ್ಮ ಸೆಕೆಗೆ ಅಷ್ಟು ಬೇಡ. ಉಪ್ಪು ಒಂದೂವರೆ ಚಮಚ, ಸಕ್ಕರೆ ಒಂದು ಚಮಚ, ಗಟ್ಟಿ ಮೊಸರು 150 ಗ್ರಾಂ, ಉಗುರುಬೆಚ್ಚಗಿನ ನೀರು ಸುಮಾರು 200 ಮಿಲಿ. ನೀರನ್ನು ಒಂದೇ ಸಲ ಸುರಿಯಬೇಡಿ. ಮೊಸರು ತೆಳ್ಳಗಿದ್ದರೆ ನೀರು ಕಮ್ಮಿ ಸಾಕು.

ಹಿಟ್ಟು ಚಪಾತಿಯದಕ್ಕಿಂತ ಸಡಿಲ ಇರಬೇಕು. ಕೈಗೆ ಸ್ವಲ್ಪ ಅಂಟುತ್ತೆ, ಅಂಟಲಿ. ಹತ್ತು ನಿಮಿಷ ಚೆನ್ನಾಗಿ ನಾದಿ, ಎಣ್ಣೆ ಸವರಿ ಮುಚ್ಚಿಡಿ. ಎರಡು ಪಟ್ಟು ಆಗಬೇಕು. ಆರು ಉಂಡೆ ಮಾಡಿ, ಕೈಯಲ್ಲೇ ಒತ್ತಿ ಒಂದು ಸೆಂಟಿಮೀಟರ್ ದಪ್ಪಕ್ಕೆ ತನ್ನಿ. ಲಟ್ಟಣಿಗೆ ತೆಗೆದರೆ ಒಳಗಿನ ಗಾಳಿಯೆಲ್ಲ ಹೋಗುತ್ತೆ.

ಈಗ ಮುಖ್ಯ ವಿಷಯ. ತಟ್ಟಿದ ತಕ್ಷಣ ಹಂಚಿಗೆ ಹಾಕಬೇಡಿ. ಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಬೆರಳಲ್ಲಿ ಒತ್ತಿದರೆ ಗುಳಿ ನಿಧಾನಕ್ಕೆ ಮೇಲೆ ಬರಬೇಕು, ಆಗ ಸರಿ. ಹಂಚು ಕಾಯಿಸಿ ಉರಿ ಮಧ್ಯಮಕ್ಕೆ ಇಳಿಸಿ. ಎಣ್ಣೆ ಬೇಡ. ಒಂದೊಂದು ಕಡೆ ಮೂರು ನಿಮಿಷ. ಉರಿ ಜೋರಾದರೆ ಮೇಲೆ ಕಪ್ಪು, ಒಳಗೆ ಹಸಿ. ಅಂಚು ಬಿಳಿಯಾಗೇ ಇರುತ್ತೆ, ಅದು ಹಾಗೇ. ತೆಗೆದ ತಕ್ಷಣ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಆ ಹಬೆಗೆ ಮೇಲ್ಪದರ ಮೆತ್ತಗಾಗುತ್ತೆ.

ಮೈದಾ ಬೇಡಪ್ಪ

500 ಗ್ರಾಂ ಮೈದಾ ಬೆಳಗ್ಗೆ ಬೆಳಗ್ಗೆ?! ಗೋಧಿ ಹಿಟ್ಟಲ್ಲೇ ಮಾಡಿ, ಆರೋಗ್ಯಕ್ಕೂ ಒಳ್ಳೆಯದು. ರುಚೀಲಿ ಏನೂ ವ್ಯತ್ಯಾಸ ಆಗಲ್ಲ.

ಹಿಟ್ಟಿನ ಡಬ್ಬ (ಹಾಸನ)

ಆಗುತ್ತೆ. ಪೂರ್ತಿ ಆಟಾದಲ್ಲಿ ಮಾಡಿದರೆ ಇಟ್ಟಿಗೆ.

ಬರ್ಲಿನ್ ಬಸಳೆ

ಇದಕ್ಕೆ ಕಾರಣ ಇದೆ. ನಮ್ಮ ಆಟಾ ಕಲ್ಲಿನ ಗಿರಣಿಯಲ್ಲಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿ ಬೀಸುವಂಥದ್ದು. ಹಾಗಾಗಿ ಅದರ ಪಿಷ್ಟ ಜಾಸ್ತಿ ಒಡೆದಿರುತ್ತದೆ, ನೀರು ಜಾಸ್ತಿ ಕುಡಿಯುತ್ತದೆ. ಚಪಾತಿ ಮೆತ್ತಗಾಗೋಕೆ ಅದು ಬೇಕು. ಹುದುಗು ಬರಿಸೋ ರೊಟ್ಟಿಗೆ ಅದೇ ತೊಂದರೆ. ಜೊತೆಗೆ ತೌಡು ಬೇರೆ, ಅದು ಹಿಟ್ಟಿನ ಎಳೆಗಳನ್ನು ಅಲ್ಲಲ್ಲೇ ಕತ್ತರಿಸುತ್ತದೆ, ಗಾಳಿ ನಿಲ್ಲಲ್ಲ. ಮೂರನೇ ಒಂದು ಪಾಲು ಆಟಾ, ಉಳಿದದ್ದು ಮೈದಾ ಹಾಕಿ. ನೀರು ಹಾಕಿ ಬರೀ ಕಲಸಿ, ಅರ್ಧ ಗಂಟೆ ಬಿಟ್ಟು ಆಮೇಲೆ ನಾದಿ. ಚೆನ್ನಾಗಿ ಬರುತ್ತದೆ, ಗೋಧಿ ಪರಿಮಳವೂ ಇರುತ್ತದೆ.

ಮೈದಾ ಬೇಡಪ್ಪ

ಮೂರನೇ ಒಂದು ಪಾಲು ಅಂದ್ರೆ ಉಳಿದಿದ್ದು ಮೈದಾನೇ ಅಲ್ವಾ.

ಸಟ್ಟುಗ

ನೀವು ಹೆಸರು ಬದಲಾಯಿಸಿ ಬನ್ನಿ, ಆಮೇಲೆ ಮಾತಾಡೋಣ.

ಅರ್ಧಚಹಾ (ಮೈಸೂರು)

ಬಜ್ಲಮ! ಅದೇ ಹೆಸರು, ಈಗ ನೆನಪಾಯ್ತು. ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಮಾಡಿ ನೋಡ್ತೀನಿ. ಗೊಜ್ಲೆಮೆ ಬಗ್ಗೆಯೂ ಯಾರಾದರೂ ಹೇಳಿ. ಅಲ್ಲಿ ಗುಮ್ಮಟದ ಹಾಗಿರೋ ಕಬ್ಬಿಣದ ಹಂಚಿನ ಮೇಲೆ ಮಾಡ್ತಿದ್ದರು. ಅದೆಲ್ಲಿ ಸಿಗುತ್ತೆ?

ಧಾರವಾಡ ಫೇಡಾ

ಅದಕ್ಕೆ ಸಾಜ್ ಅಂತಾರೆ. ನಿಮ್ಮ ಮನೆಯ ಕಬ್ಬಿಣದ ಬಾಣಲಿ ಬೋರಲು ಹಾಕಿ, ಅದೇ ಸಾಜ್. ರುಮಾಲಿ ರೊಟ್ಟಿ ಮಾಡೋರು ಮಾಡೋದೂ ಅದನ್ನೇ ಅಲ್ವಾ. ಆದರೆ ನಾನ್‌ಸ್ಟಿಕ್ ಬಾಣಲಿ ಬೋರಲು ಹಾಕೋ ಸಾಹಸ ಬೇಡ, ಒಳಗಿನ ಲೇಪಕ್ಕೆ ನೇರ ಬೆಂಕಿ ತಾಗಿದರೆ ಹೊಗೆ ಏಳುತ್ತದೆ. ಹಿಡಿಯಿಲ್ಲದ ಬರೀ ಕಬ್ಬಿಣದ್ದು ಇರಲಿ. ಅದೂ ಇಲ್ಲ ಅಂದರೆ ದೋಸೆ ಹಂಚು ಸಾಕು. ಗೊಜ್ಲೆಮೆ ಹೇಗೂ ಮಡಚಿರುತ್ತದೆ, ಚಪ್ಪಟೆ ಹಂಚಲ್ಲಿ ಇನ್ನೂ ಚೆನ್ನಾಗಿ ಬೇಯುತ್ತದೆ.

ಆ ಹಳ್ಳಿ ಯುಫ್ಕಾದ ಕಥೆ ಕೇಳಿದರೆ ನಮ್ಮ ಕಡೆಯವರಿಗೆ ಎಲ್ಲ ಗೊತ್ತಿದ್ದದ್ದೇ ಅನ್ಸುತ್ತೆ. ಚಳಿಗಾಲಕ್ಕೆ ಮುಂಚೆ ಅಕ್ಕಪಕ್ಕದ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರುತ್ತಾರೆ. ಒಬ್ಬರು ಉಂಡೆ, ಒಬ್ಬರು ಲಟ್ಟಿಸೋದು, ಒಬ್ಬರು ಸಾಜ್ ಮುಂದೆ. ಬೆಂದ ಹಾಳೆಗಳನ್ನು ಒಣಗಿಸಿ ಪೇರಿಸಿಟ್ಟರೆ ತಿಂಗಳುಗಟ್ಟಲೆ ಕೆಡಲ್ಲ. ತಿನ್ನೋ ಹೊತ್ತಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮತ್ತೆ ಮೆತ್ತಗಾಗುತ್ತೆ. ನಮ್ಮ ಜೋಳದ ಖಡಕ್ ರೊಟ್ಟಿಯೂ ಪೇರಿಸಿಡೋದು ಹಾಗೇ, ಆದರೆ ನಾವು ನೀರು ಚಿಮುಕಿಸೋ ಗೋಜಿಗೆ ಹೋಗಲ್ಲ. ಕಟುಮ್ ಅಂತ ಮುರಿದು ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ಶುರು!

ಮಲೆನಾಡ ಜಿಗಣೆ

ಲವಾಶ್, ಯುಫ್ಕಾ ಎಲ್ಲ ಟರ್ಕಿಯವರದ್ದು ಅಂತ ಬರೀತಾ ಇದ್ದೀರಲ್ಲ, ಲವಾಶ್ ಅರ್ಮೇನಿಯಾದವರದ್ದು. ಯುನೆಸ್ಕೊದ ಪರಂಪರೆ ಪಟ್ಟಿಯಲ್ಲೇ ಇದೆ.

ಟರ್ಕಿಯಳಿಯ (ಅಂಕಾರಾ)

ಇದೆ, 2014ರಲ್ಲಿ ಸೇರಿತು. 2016ರಲ್ಲಿ ಅದೇ ಯುನೆಸ್ಕೊ ಅಜರ್‌ಬೈಜಾನ್, ಇರಾನ್, ಕಜಕ್‌ಸ್ತಾನ್, ಕಿರ್ಗಿಸ್ತಾನ್, ಟರ್ಕಿ ಐದೂ ದೇಶಗಳ ಹೆಸರಲ್ಲಿ ತೆಳು ರೊಟ್ಟಿ ಮಾಡಿ ಹಂಚಿ ತಿನ್ನೋ ಪದ್ಧತಿಯನ್ನು ಸೇರಿಸಿತು. ಲವಾಶ್ ಹೆಸರು ಅದರಲ್ಲೂ ಇದೆ, ಯುಫ್ಕಾನೂ ಇದೆ. ಈಗ ಹೇಳಿ, ಯಾರದ್ದು?

ಮಲೆನಾಡ ಜಿಗಣೆ

ಎರಡು ವರ್ಷ ಮುಂಚೆ ಸೇರಿದವರದ್ದು.

ಟರ್ಕಿಯಳಿಯ (ಅಂಕಾರಾ)

ಪಟ್ಟಿಗೆ ಅರ್ಜಿ ಹಾಕಿದ ದಿನಾನೇ ರೊಟ್ಟಿ ಹುಟ್ಟಿದ್ದು ಅಂತೀರಾ? ಮೈಸೂರು ಪಾಕ್ ಜಗಳ ನೋಡಿದಮೇಲೂ ಬುದ್ಧಿ ಬಂದಿಲ್ಲ ನಮಗೆ.

ನಿರ್ವಾಹಕ

ಮೈಸೂರು ಪಾಕ್ ಜಗಳಕ್ಕೆ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿ ಹೋಗಿ ಹೊಡೆದಾಡಿ.

ಕರಾವಳಿ ಕಡ್ಲೆ (ಮಂಗಳೂರು)

ನಮಗೆ ಜಗಳ ಬೇಡ, ಗೊಜ್ಲೆಮೆ ಬೇಕು. ಒಳಗೆ ಏನೇನು ಹಾಕಬಹುದು? ಆ ಚೀಸ್ ಇಲ್ಲಿ ಸಿಗಲ್ವಲ್ಲ.

ಬರ್ಲಿನ್ ಬಸಳೆ

ಅದು ಬೆಯಾಜ್ ಪೆಯ್ನಿರ್. ಉಪ್ಪುನೀರಿನಲ್ಲಿಟ್ಟ ಬಿಳಿ ಚೀಸ್, ಫೆಟಾ ಥರ. ಸಿಗದಿದ್ದರೆ ಪನ್ನೀರ್ ಪುಡಿಮಾಡಿ, ಉಪ್ಪು ಸ್ವಲ್ಪ ಧಾರಾಳವಾಗಿ, ಒಂದೆರಡು ಚಮಚ ಹುಳಿ ಮೊಸರು ಸೇರಿಸಿ ಒಂದು ಗಂಟೆ ಬಿಡಿ. ಅದೇ ರುಚಿ ಅಂತ ಹೇಳಲ್ಲ, ಆದರೆ ಸಪ್ಪೆ ಪನ್ನೀರಿಗಿಂತ ಎಷ್ಟೋ ವಾಸಿ.

ಸೊಪ್ಪು ಅಂದರೆ ಪಾಲಕ್. ಹಳ್ಳಿಗಳಲ್ಲಿ ಹೊಲದ ಬದುವಿನಲ್ಲಿ ಸಿಗೋ ಸೊಪ್ಪೂ ಹಾಕುತ್ತಾರೆ. ಹಾಗಾಗಿ ನಮ್ಮ ಹರಿವೆಗೆ ಯಾರೂ ಬೇಡ ಅನ್ನಲ್ಲ. ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ, ಈರುಳ್ಳಿ ಜೊತೆ ಕಿವುಚಿ, ನೀರು ಪೂರ್ತಿ ಹಿಂಡಿ. ಹಿಂಡದಿದ್ದರೆ ಹಾಳೆ ಒದ್ದೆಯಾಗಿ ಹಂಚಿಗೆ ಮೆತ್ತಿಕೊಳ್ಳುತ್ತದೆ. ಆಲೂಗಡ್ಡೆಯದ್ದೂ ಇದೆ, ಬೇಯಿಸಿ ಪುಡಿಮಾಡಿ, ಈರುಳ್ಳಿ, ಮೆಣಸಿನ ಚೂರು ಹಾಕಿ.

ಹಿಟ್ಟು: 500 ಗ್ರಾಂ ಮೈದಾಗೆ ಸುಮಾರು 300 ಮಿಲಿ ನೀರು, ಉಪ್ಪು. ಅರ್ಧ ಗಂಟೆ ನೆನೆಯಲೇಬೇಕು, ಇಲ್ಲದಿದ್ದರೆ ಲಟ್ಟಿಸಿದ್ದು ವಾಪಸ್ ಕುಗ್ಗುತ್ತದೆ. ಹಾಳೆಯ ಅರ್ಧಕ್ಕೆ ತೆಳ್ಳಗೆ ಹೂರಣ ಹರಡಿ, ಮಡಚಿ, ಅಂಚು ಒತ್ತಿ, ಒಣ ಹಂಚಿಗೆ ಹಾಕಿ. ಬೆಂದ ಮೇಲೆ ಬೆಣ್ಣೆ ಸವರಿ.

ಧಾರವಾಡ ಫೇಡಾ

ಸಮೋಸಾ ಪಟ್ಟಿ ತಂದರೆ ಲಟ್ಟಿಸೋ ಕೆಲಸವೇ ಇಲ್ಲ. ಗೊಜ್ಲೆಮೆಗೆ ಆಗಲ್ಲ, ಆದರೆ ಚೀಸ್ ಇಟ್ಟು ಬೀಡಿಯ ಹಾಗೆ ಸುತ್ತಿ ಕರಿಯೋ ಸಿಗಾರಾ ಬೊರೆಕ್‌ಗೆ ಮಸ್ತ್.

ಮೈದಾ ಬೇಡಪ್ಪ

ಮೈದಾ, ಅದನ್ನ ಎಣ್ಣೇಲಿ ಕರಿಯೋದು. ಭೇಷ್.

ಓವನ್ ಓಬಳೇಶ

ಎಲ್ಲರೂ ಹಂಚಿಗೇ ಅಂಟಿಕೊಂಡಿದ್ದೀರಿ. ಓಟಿಜಿ ಇದೆ ಅಂದರಲ್ಲ ಅವರು, ಪಿದೆ ಮಾಡಲಿ. 250 ಡಿಗ್ರಿವರೆಗೆ ಹೋಗುವ ಓಟಿಜಿ ಸಾಕು. ಅಂಗಡಿಯ ಕಲ್ಲಿನ ಓವನ್ ಅದಕ್ಕಿಂತ ತುಂಬಾ ಬಿಸಿ, ಹಾಗಾಗಿ ಒಂದು ಉಪಾಯ ಬೇಕು. ದಪ್ಪ ಕಬ್ಬಿಣದ ತವಾ ಬೋರಲು ಹಾಕಿ ಒಳಗಿಡಿ, ಅರ್ಧ ಗಂಟೆ ಪೂರ್ತಿ ಉರಿಯಲ್ಲಿ ಕಾಯಲಿ. ಪಿದೆಯನ್ನು ಬಟರ್ ಪೇಪರ್ ಸಮೇತ ಅದರ ಮೇಲೆ ಜಾರಿಸಿ. ಪೇಪರ್ ಎಷ್ಟು ಬಿಸಿ ತಡೆಯುತ್ತೆ ಅಂತ ಡಬ್ಬದ ಮೇಲೆ ಓದಿ ಹಾಕಿ, ಸುಮ್ನೆ ಬೆಂಕಿ ಹತ್ತಿಸ್ಕೊಬೇಡಿ. ಒಂದು ಬಟ್ಟಲು ಬಿಸಿನೀರು ಕೆಳಗಿಡಿ. 12ರಿಂದ 15 ನಿಮಿಷ.

ಮೊಟ್ಟೆ ಬೇಡ ಅಂದ್ರಿ. ಮನೆಗಳಲ್ಲಿ ಮೊಟ್ಟೆ ಹಳದಿ, ಮೊಸರು ಕಲಸಿ ಸವರುತ್ತಾರೆ ನಿಜ. ಆದರೆ ಬೇಕರಿಗಳಲ್ಲಿ ಹಿಟ್ಟಿನ ಗಂಜಿ ಸವರೋ ಪದ್ಧತಿ ಇದೆ. ಒಂದು ಚಮಚ ಮೈದಾ, ಅರ್ಧ ಲೋಟ ನೀರು, ಕುದಿಸಿ ತೆಳು ಅಂಟಿನ ಹಾಗಾದ ಮೇಲೆ ಆರಿಸಿ. ಅದರಲ್ಲೇ ಬೆರಳು ಅದ್ದಿ ಗುರುತು ಒತ್ತಬೇಕು. ತಳ ಮುಟ್ಟೋವರೆಗೆ ಧೈರ್ಯವಾಗಿ ಒತ್ತಿ. ಮೇಲೆ ಮೇಲೆ ಸವರಿದರೆ ಓವನ್‌ನಲ್ಲಿ ಉಬ್ಬಿ ಗುರುತೆಲ್ಲ ಮಾಯ.

ಹಿಟ್ಟಿನ ಡಬ್ಬ (ಹಾಸನ)

ಕಲೋಂಜಿ ಕೇಳಿದರೆ ನಮ್ಮೂರ ಅಂಗಡಿಯವರು ಒಂದು ಸಲ ಕಪ್ಪು ಎಳ್ಳು ಕೊಡ್ತಾರೆ, ಇನ್ನೊಂದು ಸಲ ಈರುಳ್ಳಿ ಬೀಜ. ಹೇಗೆ ಗುರುತು ಹಿಡಿಯೋದು?

ಓವನ್ ಓಬಳೇಶ

ಎಳ್ಳು ಚಪ್ಪಟೆ, ನುಣುಪು. ಕಲೋಂಜಿ ಮೂಲೆ ಮೂಲೆಯಾಗಿರುತ್ತೆ, ಮುಟ್ಟಿದರೆ ಒರಟು. ಎರಡು ಕಾಳು ಅಂಗೈಯಲ್ಲಿ ಉಜ್ಜಿ ಮೂಸಿ, ಓಮದ ಕಡೆಯ ಘಾಟು ಬಂದರೆ ಅದೇ. ಈರುಳ್ಳಿ ಬೀಜಕ್ಕೆ ಆ ವಾಸನೆ ಇಲ್ಲ. ಅದನ್ನು ಬಿತ್ತನೆಗೆ ಅಂತ ಔಷಧಿ ಹಾಕಿಯೂ ಮಾರುತ್ತಾರೆ, ತಿನ್ನಬೇಡಿ.

ಕರಾವಳಿ ಕಡ್ಲೆ (ಮಂಗಳೂರು)

ಮಾಂಸ ಇಲ್ಲದ ಲಹ್ಮಾಜುನ್ ಥರದ್ದು ಏನಾದರೂ ಇದೆಯಾ? ಮನೇಲಿ ಅರ್ಧ ಜನ ತಿನ್ನಲ್ಲ.

ಟರ್ಕಿಯಳಿಯ (ಅಂಕಾರಾ)

ಇದೆ, ಇದೆ. ಹತಾಯ್ ಕಡೆಯ ಬಿಬೆರ್ಲಿ ಎಕ್ಮೆಕ್. ತೆಳ್ಳಗಿನ ರೊಟ್ಟಿ ಮೇಲೆ ಕೆಂಪು ಮೆಣಸಿನಕಾಯಿ ಪೇಸ್ಟ್, ಈರುಳ್ಳಿ, ಆಲಿವ್ ಎಣ್ಣೆ, ಎಳ್ಳು, ಜೀರಿಗೆ, ಚೊಕೆಲೆಕ್ ಅನ್ನೋ ಪುಡಿ ಚೀಸ್. ಇದನ್ನು ನಾನು ಮೊದಲು ತಿಂದಾಗಲೇ ಅಂದುಕೊಂಡೆ, ಇದಕ್ಕೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ಹೇಳಿ ಮಾಡಿಸಿದ್ದು ಅಂತ. ಆ ಪೇಸ್ಟ್‌ಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಇರಬೇಕು. ಬ್ಯಾಡಗಿಯದ್ದೂ ಅದೇ ಗುಣ. ಊರಿಗೆ ಬಂದಾಗ ಮಾಡಿದ್ದೆ: ಬೀಜ ತೆಗೆದ ಬ್ಯಾಡಗಿ ಬಿಸಿನೀರಲ್ಲಿ ನೆನೆಸಿ, ಉಪ್ಪು ಹಾಕಿ ನುಣ್ಣಗೆ ರುಬ್ಬಿ, ಎಣ್ಣೆಯಲ್ಲಿ ನೀರಾರುವವರೆಗೆ ಬಾಡಿಸಿದ್ದು. ಒಂದು ಚಮಚ ಟೊಮ್ಯಾಟೊ ಪೇಸ್ಟ್ ಸೇರಿಸಿದರೆ ಸಿಹಿಯೂ ಬರುತ್ತದೆ. ಗುಂಟೂರು ಮಾತ್ರ ಹಾಕಬೇಡಿ.

ಸಟ್ಟುಗ

ಇದು ನಾನು ಮಾಡ್ತೀನಿ.

ಧಾರವಾಡ ಫೇಡಾ

ಸಟ್ಟುಗ ಅವರೇ, ಚಪಾತಿ ಎಲ್ಲಿ ಹೋಯ್ತು?

ಸಟ್ಟುಗ

ಚಪಾತಿ ರಾತ್ರಿಗೆ. ಬ್ಯಾಡಗಿ ಅಂದ್ರೆ ಬೇರೆ ಮಾತು.

ಮಲೆನಾಡ ಜಿಗಣೆ

ಎಳೆ ತಪ್ಪಿಸ್ತಾ ಇದ್ದೀನಿ, ಕ್ಷಮಿಸಿ. ಟರ್ಕಿಯಲ್ಲಿ ರೊಟ್ಟಿ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ಹಣೆಗೆ ಒತ್ತಿಕೊಳ್ತಾರೆ ಅಂತ ಕೇಳಿದ್ದೆ. ನಿಜಾನಾ?

ಟರ್ಕಿಯಳಿಯ (ಅಂಕಾರಾ)

ನಿಜ. ವಯಸ್ಸಾದವರು ಈಗಲೂ ಮಾಡುತ್ತಾರೆ. ಎತ್ತಿದ್ದನ್ನು ಕಾಲಿಗೆ ಸಿಗದ ಹಾಗೆ ಗೋಡೆ ಮೇಲಿಡುತ್ತಾರೆ, ಹಕ್ಕಿ ತಿನ್ನಲಿ ಅಂತ. ಹಳಸಿದ ಬ್ರೆಡ್ಡನ್ನು ಕಸಕ್ಕೆ ಸೇರಿಸದೆ ಬೇರೆ ಚೀಲದಲ್ಲಿ ಕಟ್ಟಿ ನೇತುಹಾಕೋದನ್ನೂ ನೋಡಬಹುದು. ಬೇಕರಿಗಳಲ್ಲಿ 'ಅಸ್ಕಿದಾ ಎಕ್ಮೆಕ್' ಅಂತ ಇದೆ. ಎರಡಕ್ಕೆ ದುಡ್ಡು ಕೊಟ್ಟು ಒಂದು ಒಯ್ಯುತ್ತೀರಿ, ಇನ್ನೊಂದು ಅಲ್ಲೇ ಉಳಿಯುತ್ತೆ. ಕೈಯಲ್ಲಿ ಕಾಸಿಲ್ಲದವರು ಬಂದು ಕೇಳಿ ತಗೊಂಡು ಹೋಗ್ತಾರೆ. ಕೊಟ್ಟವರು ಯಾರು ಅಂತ ತಗೊಂಡವರಿಗೆ ಗೊತ್ತಾಗಲ್ಲ.

ಅರ್ಧಚಹಾ (ಮೈಸೂರು)

ಬಜ್ಲಮ ಆಯ್ತು! ಹಿಟ್ಟಿನ ಡಬ್ಬ ಅವರ ಅಳತೆಯಲ್ಲೇ ಮಾಡಿದೆ. ಮೊದಲ ಎರಡು ಸ್ವಲ್ಪ ಕರಕಲು, ಉಳಿದವು ಚೆನ್ನಾಗಿ ಬಂದವು. ಅಮ್ಮ ಅದಕ್ಕೆ ಬೆಣ್ಣೆ, ಚಟ್ನಿಪುಡಿ ಹಚ್ಚಿಕೊಂಡು ತಿಂದರು, ಜೇನುತುಪ್ಪದ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ಪ್ರಶ್ನೆ. ಮಧ್ಯಾಹ್ನದ ಹೊತ್ತಿಗೆ ಉಳಿದವು ಗಟ್ಟಿಯಾದವು, ಏನು ಮಾಡಲಿ? ಮತ್ತೆ ಯುಫ್ಕಾಗೆ ಆ ಉದ್ದನೆಯ ಸಣ್ಣ ಲಟ್ಟಣಿಗೆ ಬೇಕೇಬೇಕಾ? ನಮ್ಮ ಗಿಡ್ಡ ಲಟ್ಟಣಿಗೆಯಲ್ಲಿ ಅಷ್ಟು ತೆಳು ಆಗ್ತಿಲ್ಲ.

ಹಿಟ್ಟಿನ ಡಬ್ಬ (ಹಾಸನ)

ಅದೇ ದಿನ ತಿನ್ನೋದಿಲ್ಲ ಅಂದರೆ ಆರಿದ ತಕ್ಷಣ ಫ್ರೀಜರ್‌ಗೆ ಹಾಕಿ. ಫ್ರಿಜ್‌ನ ಕೆಳಗಿನ ಖಾನೆ ಬೇಡ, ಅಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತೆ. ತಿನ್ನುವಾಗ ಎರಡೂ ಕಡೆ ನೀರು ಸವರಿ ಬಿಸಿ ಹಂಚಲ್ಲಿ ಮುಚ್ಚಿಡಿ. ಅಡ್ಡ ಸೀಳಿ ಒಳಗೆ ಚೀಸ್ ಇಟ್ಟು ಕಾಯಿಸಿದರೂ ಆಯ್ತು, ಅಲ್ಲೂ ಹಾಗೆ ಮಾಡ್ತಾರಂತೆ.

ಬರ್ಲಿನ್ ಬಸಳೆ

ಲಟ್ಟಣಿಗೆ ಬೇಕು. ಅದು ಓಕ್ಲವಾ. ನಮ್ಮದು ಮಧ್ಯೆ ದಪ್ಪ, ಹಾಳೆ ದೊಡ್ಡದಾದ ಮೇಲೆ ಅಂಚಿಗೆ ತಲುಪಲ್ಲ. ಓಕ್ಲವಾದಲ್ಲಿ ಒಂದಷ್ಟು ಅಗಲ ಆದಮೇಲೆ ಹಾಳೆಯನ್ನು ಕೋಲಿಗೇ ಸುತ್ತುತ್ತಾರೆ. ಅಂಗೈಗಳನ್ನು ಮಧ್ಯದಿಂದ ಎರಡೂ ತುದಿಗೆ ಜಾರಿಸುತ್ತಾ ಹಿಂದೆ ಮುಂದೆ ಉರುಳಿಸುತ್ತಾರೆ. ಬಿಚ್ಚಿ, ಕಾಲು ಭಾಗ ತಿರುಗಿಸಿ, ಹಿಟ್ಟು ಉದುರಿಸಿ, ಮತ್ತೆ ಸುತ್ತೋದು. ಹಿಟ್ಟು ಉದುರಿಸೋದು ಮರೆತರೆ ಹಾಳೆ ಅಲ್ಲೇ ಅಂಟಿಕೊಂಡು ಕಥೆ ಮುಗಿಯಿತು.

ಅರ್ಧಚಹಾ (ಮೈಸೂರು)

ಇಲ್ಲಿ ಎಲ್ಲಿ ಸಿಗುತ್ತೆ ಅದು?

ಧಾರವಾಡ ಫೇಡಾ

ಬಡಗಿ ಹತ್ತಿರ ಹೋಗಿ. ಎರಡು ಸೆಂಟಿಮೀಟರ್ ದಪ್ಪ, ಮುಕ್ಕಾಲು ಮೀಟರ್ ಉದ್ದದ ದುಂಡು ಕೋಲು ಅಂತ ಹೇಳಿ. ಬೀಟೆ, ತೇಗ ಯಾವುದಾದರೂ ಸರಿ, ನೇರ ಇರಬೇಕು. ಪಾಲಿಶ್ ಬೇಡ ಅಂತ ಎರಡೆರಡು ಸಲ ಹೇಳಿ, ಇಲ್ಲದಿದ್ದರೆ ಕುರ್ಚಿ ಕಾಲಿನ ಥರ ವಾರ್ನಿಷ್ ಹೊಡೆದು ಕೊಡ್ತಾರೆ.

ಸಟ್ಟುಗ

ಬಡಗಿ ಏನಕ್ಕೆ ಅಂತ ಕೇಳಿದರೆ ಏನು ಹೇಳೋದು?

ಧಾರವಾಡ ಫೇಡಾ

ಹಪ್ಪಳಕ್ಕೆ ಅನ್ನಿ. ಟರ್ಕಿ ಅಂದ್ರೆ ರೇಟ್ ಏರುತ್ತೆ.